ಗೋಡೆಯ ಗಾಳಿಯಲ್ಲ, ಕಾರ್ಮಿಕನ ಉಸಿರಿನ ಗಾಳಿ ಅಳೆಯಿರಿ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದಂಥ ಕೈಗಾರಿಕಾ ಪ್ರದೇಶಗಳ ಪೇಂಟಿಂಗ್ ಶೆಡ್‌ಗಳಲ್ಲಿ ಥಿನ್ನರ್ ಆವಿ ಅಳೆಯಲು ಮಾಪಕವನ್ನು ಗೋಡೆಗೆ ತೂಗುಹಾಕಿದರೆ ಪ್ರಯೋಜನವಿಲ್ಲ. ಬಣ್ಣ ಸಿಂಪಡಿಸುವ ಗನ್ ಹಿಡಿದವನ ಮುಖದ ಮುಂದಿನ ಆವಿ ಗೋಡೆಯ ಬಳಿ ತೀರಾ ತೆಳುವಾಗಿರುತ್ತದೆ.

ಸೊಂಟಕ್ಕೆ ಸಣ್ಣ ಪಂಪ್ ಕಟ್ಟಿ, ಆವಿ ಹೀರುವ ಇದ್ದಿಲು ತುಂಬಿದ ಗಾಜಿನ ನಳಿಕೆಯನ್ನು ಮೂಗಿನಿಂದ 30 ಸೆಂ.ಮೀ. ಒಳಗೆ, ಕಾಲರಿಗೆ ನೆಟ್ಟಗೆ ಸಿಕ್ಕಿಸಬೇಕು. ಥಿನ್ನರ್‌ನಲ್ಲಿರುವ ಟೊಲ್ಯೂನ್ ಎಂಬ ದ್ರಾವಕದ ಆವಿಗೆ ನಿಮಿಷಕ್ಕೆ 50 ಮಿ.ಲೀ. ವೇಗ ಸಾಕು. 2 ಗಂಟೆಗೆ 6 ಲೀಟರ್ ಗಾಳಿ ಹಾಯುತ್ತದೆ. ಆಗ ನಳಿಕೆ ಬದಲಿಸಬೇಕು. ಹೆಚ್ಚು ಹೊತ್ತು ಬಿಟ್ಟರೆ ಮುಂಭಾಗದ ಇದ್ದಿಲು ತುಂಬಿ ಆವಿ ನಳಿಕೆಯ ಹಿಂದಿನ ಭಾಗದ ಇದ್ದಿಲಿಗೆ ನುಗ್ಗುತ್ತದೆ. ಅಲ್ಲಿ ಮುಂಭಾಗದ ಶೇ 10ಕ್ಕಿಂತ ಹೆಚ್ಚು ಸಿಕ್ಕರೆ ಆ ಮಾದರಿಯನ್ನು ನಂಬಬಾರದು. ನಮ್ಮ ಮಳೆಗಾಲದ ತೇವ ಇದ್ದಿಲಿನ ಹೀರುವ ಶಕ್ತಿಯನ್ನೇ ಕುಗ್ಗಿಸುತ್ತದೆ. ಜುಲೈನಲ್ಲಿ ನಳಿಕೆಯನ್ನು ಇನ್ನೂ ಬೇಗ ಬದಲಿಸುವುದೇ ಸರಿ.

ಪಂಪಿನ ವೇಗವನ್ನು ನಳಿಕೆ ಜೋಡಿಸಿಯೇ, ಕೆಲಸದ ಮೊದಲೂ ನಂತರವೂ ಪರೀಕ್ಷಿಸಬೇಕು. ಶೇ 5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಅಳೆಯಲೇಬೇಕು. ಹೋಲಿಕೆಗಾಗಿ ಗಾಳಿ ಹಾಯಿಸದ ಒಂದು ನಳಿಕೆಯನ್ನೂ ಪ್ರಯೋಗಾಲಯಕ್ಕೆ ಕಳಿಸಬೇಕು. ಇದನ್ನು ಖರ್ಚು ಉಳಿಸಲು ಕೈಬಿಡುವುದು ಶುದ್ಧ ತಪ್ಪು.

2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿ ಟೊಲ್ಯೂನ್‌ಗೆ ಹಾಕಿದ್ದ ಮಿತಿ 8 ಗಂಟೆಯ ಸರಾಸರಿ 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ), 15 ನಿಮಿಷಕ್ಕೆ 150 ಪಿಪಿಎಂ. ಥಿನ್ನರ್ ಬೆರೆಸುವಾಗ, ಗನ್ ತೊಳೆಯುವಾಗ ಆವಿ ಒಮ್ಮೆಲೇ ಏರುತ್ತದೆ. ದಿನದ ಸರಾಸರಿಯಲ್ಲಿ ಅದು ಮುಚ್ಚಿಹೋಗುವುದರಿಂದ ಆ 15 ನಿಮಿಷಕ್ಕೆ ಬೇರೆಯೇ ನಳಿಕೆ ಬೇಕು.

ಕಾರ್ಖಾನೆ ಮಾಲೀಕರು ವರದಿ ಕೈಗೆ ಬಂದಾಗ ಮಾದರಿ ತೆಗೆದದ್ದು ಯಾರ ಕಾಲರಿನಿಂದ, ಎಷ್ಟು ಹೊತ್ತು ಎಂದು ಕೇಳಲಿ. ಪಂಪ್ ಹೊತ್ತ ಕಾರ್ಮಿಕನಿಗೂ ಅದರ ಪ್ರತಿ ಕನ್ನಡದಲ್ಲೇ ಸಿಗಲಿ.

– ಔದ್ಯೋಗಿಕ ಆರೋಗ್ಯ ಮಾಪನ ತಂತ್ರಜ್ಞರು, ಹುಬ್ಬಳ್ಳಿ