ಕತ್ತಲಲ್ಲಿ ಬೆಳಕು ಹಿಡಿದು ನಿಂತವರಿಗೆ

ಹೋದ ತಿಂಗಳು ನನ್ನ ಎರಡನೇ ಕಣ್ಣಿಗೂ ಪೊರೆ ಆಪರೇಷನ್ ಆಯಿತು. ಹಗಲು ಎಲ್ಲಾ ಚೆನ್ನಾಗಿ ಕಾಣುತ್ತದೆ. ರಾತ್ರಿ ಎದುರಿನಿಂದ ಗಾಡಿ ಬಂದರೆ ಮಾತ್ರ ದೀಪದ ಸುತ್ತ ದೊಡ್ಡ ಬಳೆ ಕಟ್ಟಿದ ಹಾಗಾಗುತ್ತದೆ. "ಹಗಲು ಬೈಕ್ ಓಡಿಸಿ, ರಾತ್ರಿ ಬೇಡ" ಅಂದರು ಕಣ್ಣಿನ ಡಾಕ್ಟರು. ಅವರು ಸಲೀಸಾಗಿ ಹೇಳಿದರು. ನಾನು ಹೊರಗೆ ಬಂದು ಬೇವಿನ ಮರದ ಕೆಳಗೆ ತುಂಬಾ ಹೊತ್ತು ಕೂತಿದ್ದೆ. ನನ್ನ ಕೆಲಸದಲ್ಲಿ ಅರ್ಧ ನಡೆದದ್ದೇ ರಾತ್ರಿ ಹೊತ್ತು, ಬೈಕಿನ ಮೇಲೆ.

ನಾನು ಪಶುವೈದ್ಯ. ಮಂಡ್ಯ ಸೀಮೆಯ ಮಾತಿನಲ್ಲಿ ದನದ ಡಾಕ್ಟರು. ಹೆಬ್ಬಾಳದ ಕಾಲೇಜಿನಲ್ಲಿ ಓದಿ 1987ರಲ್ಲಿ ಕೆಲಸಕ್ಕೆ ಸೇರಿದೆ, 2023ರ ಮೇ 31ಕ್ಕೆ ನಿವೃತ್ತನಾದೆ. ಮೊದಲು ಮಳವಳ್ಳಿ ಕಡೆ, ಆಮೇಲೆ ಪಾಂಡವಪುರ, ಕೆ.ಆರ್. ಪೇಟೆ, ಕೊನೆಗೆ ಮಂಡ್ಯ. ಬೀಳ್ಕೊಡುಗೆ ದಿನ ಶಾಲು ಹೊದಿಸಿ, ಮೈಸೂರು ಪೇಟ ಇಟ್ಟು, ಎರಡು ಮಾತಾಡಿ ಅಂದರು. ಇಲಾಖೆಯವರ ಹೆಸರು ಹೇಳಿ ಇಳಿದುಬಿಟ್ಟೆ. ಯಾರಿಗೆ ಹೇಳಬೇಕಿತ್ತೋ ಅವರು ಆ ಹಾಲ್‌ನಲ್ಲಿ ಇರಲೇ ಇಲ್ಲ. ಈ ಬರಹ ಅವರಿಗೆ.

ನನ್ನ ಗಾಡಿ ಯೆಜ್ಡಿ 250. ಕೆಲಸಕ್ಕೆ ಸೇರಿದ ಮರುವರ್ಷ ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ತೊಗೊಂಡೆ. ಹುಟ್ಟಿದ್ದೂ ಅಲ್ಲೇ, ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ. 1961ರಿಂದ ಅಲ್ಲಿ ಜಾವಾ ಮಾಡುತ್ತಿದ್ದರು, ಆಮೇಲೆ ಅದೇ ಯೆಜ್ಡಿ ಆಯಿತು. ಕಿಕ್ ಹೊಡೆಯುವ ಕೋಲನ್ನೇ ತಿರುಗಿಸಿದರೆ ಗೇರ್ ಕೋಲಾಗುತ್ತದೆ. ಎರಡು ಕಡೆ ಎರಡು ಸೈಲೆನ್ಸರ್. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಆ ಸದ್ದು ಒಂದು ಸಲ ಕೇಳಿದವರು ಮರೆಯುವುದಿಲ್ಲ. ನನ್ನ ಹೆಸರು ಗೊತ್ತಿಲ್ಲದ ಊರುಗಳಲ್ಲೂ ನಾನು "ಯೆಜ್ಡಿ ಡಾಕ್ಟ್ರು". ಹಿಂದಿನ ಸೀಟಿಗೆ ಟ್ಯೂಬ್ ಹಾಕಿ ಬಿಗಿದ ದ್ರವ ಸಾರಜನಕದ ಕ್ಯಾನು, ಪಕ್ಕದ ಡಬ್ಬಿಯಲ್ಲಿ ಔಷಧಿ, ಹ್ಯಾಂಡಲಿಗೆ ಗಂಬೂಟು. ಬೆದೆಗೆ ಬಂದ ಹಸುವಿಗೆ ಇಂಜೆಕ್ಷನ್ ಕೊಡಲು, ಅಂದರೆ ಕೃತಕ ಗರ್ಭಧಾರಣೆ ಮಾಡಲು, ಹೋರಿಯ ವೀರ್ಯ ಇಟ್ಟ ಆ ಕ್ಯಾನಿನ ಮುಚ್ಚಳ ತೆಗೆದರೆ ಬಿಳಿ ಹೊಗೆ ಮೇಲೇಳುತ್ತಿತ್ತು. ಒಳಗೆ ಮೈನಸ್ 196 ಡಿಗ್ರಿ ಚಳಿ. ಊರಿನ ಮಕ್ಕಳೆಲ್ಲಾ ಅದನ್ನು ನೋಡುವುದಕ್ಕೇ ಓಡಿ ಬರುತ್ತಿದ್ದರು.

ಆದರೆ ಆ ಗಾಡಿಯ ಹೆಡ್‌ಲೈಟು 6 ವೋಲ್ಟಿನ ಡೈನಮೋದ್ದು. ವೇಗ ಇದ್ದರೆ ಬೆಳಕು. ಗುಂಡಿ ಬಂತು ಅಂತ ನಿಧಾನ ಮಾಡಿದರೆ ಬೆಳಕೂ ಮಂಕು. ಬೆಳಕು ಬೇಕಾದ ಜಾಗದಲ್ಲೇ ಬೆಳಕಿಲ್ಲ. ಹಾಗಿರುವಾಗ ಇಷ್ಟು ವರ್ಷ ಕಬ್ಬಿನ ಗದ್ದೆಗಳ ಮಧ್ಯೆ, ನಾಲೆ ಏರಿಗಳ ಮೇಲೆ ನಾನು ಹೇಗೆ ಓಡಾಡಿದೆ ಅಂದರೆ, ಬೇರೆಯವರು ಹಿಡಿದ ಬೆಳಕಿನಲ್ಲಿ.

ಮೊಬೈಲ್ ಇಲ್ಲದ ಕಾಲ. ಹಸು ಕರು ಹಾಕಲು ಕಷ್ಟಪಡುತ್ತಿದ್ದರೆ ಮನೆಯವರೊಬ್ಬರು ಸೈಕಲ್ ತುಳಿದುಕೊಂಡು ನನ್ನ ಮನೆಗೆ ಬರುತ್ತಿದ್ದರು. ಸೈಕಲ್ ನಮ್ಮ ಕಾಂಪೌಂಡಿನಲ್ಲಿ ಬಿಟ್ಟು, ಕ್ಯಾನಿನ ಜಾಗದಲ್ಲಿ ಅವರನ್ನೇ ಕೂರಿಸಿಕೊಂಡು ಹೊರಡುವುದು. ಇನ್ನು ಕೆಲವರು ಯಾರ ಕೈಲೋ ಹೇಳಿಕಳಿಸಿ, ಊರಿಗೆ ತಿರುಗುವ ದಾರಿಯಲ್ಲಿ ಲಾಟೀನು ಹಿಡಿದು ಕಾಯುತ್ತಿದ್ದರು. ನಾನು ಯಾವಾಗ ಬರುತ್ತೇನೆ, ಬರುತ್ತೇನೋ ಇಲ್ಲವೋ, ಒಂದೂ ಗೊತ್ತಿರುತ್ತಿರಲಿಲ್ಲ. ಆದರೂ ನಿಂತಿರುತ್ತಿದ್ದರು. ಚಳಿಗೆ ಕಂಬಳಿ, ಮಳೆಗೆ ಗೋಣಿಚೀಲದ ಕೊಪ್ಪೆ. ದೂರದಿಂದ ಯೆಜ್ಡಿ ಸದ್ದು ಕೇಳಿದ ಕೂಡಲೇ ಲಾಟೀನು ಮೇಲೆತ್ತಿ ಆಡಿಸುತ್ತಿದ್ದರು.

ಮಳವಳ್ಳಿ ತಾಲ್ಲೂಕಿನ ಒಬ್ಬರು ಅಜ್ಜಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಬಂಡೂರು ಕುರಿ ಸಾಕುವ ಕಡೆ ಅವರ ಊರು. ಮನೆಯಲ್ಲಿ ಅವರೊಬ್ಬರೇ, ಜೊತೆಗೆ ಒಂದು ಸೀಮೆಹಸು. ನಾನು ಹೋದಾಗ ರಾತ್ರಿ ಒಂದು ಗಂಟೆ ಆಗಿತ್ತು. ತಿರುವಿನಲ್ಲಿ ಅಜ್ಜಿಯೇ ನಿಂತಿದ್ದರು. "ಹಸ ಬಿದ್ದೋಗದೆ ಕಣಪ್ಪ, ಏಳ್ತಾ ಇಲ್ಲ" ಅಂದರು. ಕರು ಹಾಕಿ ಎರಡು ದಿನ ಆಗಿತ್ತು. ಕೊಟ್ಟಿಗೆಯಲ್ಲಿ ಹಸು ಕುತ್ತಿಗೆಯನ್ನು ಹೊಟ್ಟೆ ಕಡೆಗೆ ಮಡಚಿಕೊಂಡು ಮಲಗಿತ್ತು. ಕಿವಿ ಮುಟ್ಟಿದರೆ ತಣ್ಣಗೆ. ಮೂಗು ಒಣಗಿತ್ತು. ಇದು ಹಾಲು ಜ್ವರ. ಹೆಸರಿಗೆ ಜ್ವರ, ಮೈ ಮಾತ್ರ ತಣ್ಣಗಿರುತ್ತದೆ. ಕರು ಹಾಕಿದ ಮೇಲೆ ಹಾಲಿನ ಜೊತೆ ರಕ್ತದ ಕ್ಯಾಲ್ಸಿಯಂ ಒಮ್ಮೆಗೇ ಇಳಿದುಹೋಗುತ್ತದೆ, ಸ್ನಾಯುಗಳಿಗೆ ಕಸುವೇ ಇರುವುದಿಲ್ಲ. ಬಿಟ್ಟರೆ ಬೆಳಗಾಗುವಷ್ಟರಲ್ಲಿ ಹಸು ಹೋಗಿಬಿಡಬಹುದು.

ಕ್ಯಾಲ್ಸಿಯಂ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ಕುತ್ತಿಗೆಯ ನರಕ್ಕೆ ಸೂಜಿ ಹಾಕಿದೆ. ಇದನ್ನು ನಿಧಾನಕ್ಕೇ ಬಿಡಬೇಕು. ಅವಸರ ಮಾಡಿದರೆ ಹೃದಯ ನಿಂತುಹೋಗುತ್ತದೆ. ನನ್ನ ಒಂದು ಕೈ ಸೂಜಿಯ ಮೇಲೆ, ಇನ್ನೊಂದರಲ್ಲಿ ಸ್ಟೆತಾಸ್ಕೋಪು. ಬಾಟಲಿ ಹಿಡಿಯುವುದಕ್ಕೆ ಯಾರೂ ಇಲ್ಲ. ಅಜ್ಜಿ ಎಡಗೈಯಲ್ಲಿ ಲಾಟೀನು ಹಿಡಿದು, ಬಲಗೈಯಲ್ಲಿ ಬಾಟಲಿ ಎತ್ತಿ ಹಿಡಿದರು. ಸುಮಾರು 20 ನಿಮಿಷ. ತೋಳು ನಡುಗುವುದು ನನಗೆ ಕಾಣುತ್ತಿತ್ತು. ಸೆರಗು ಜಾರಿ ಮೊಣಕೈ ಮೇಲೆ ಬಿದ್ದಿತ್ತು, ಸರಿಮಾಡಿಕೊಳ್ಳಲು ಕೈ ಇಲ್ಲ. "ಇಳಿಸಿ ಅಜ್ಜಿ, ಒಂದು ನಿಮಿಷ ಸುಧಾರಿಸ್ಕೊಳಿ" ಅಂದೆ. "ನೀ ನಿನ್ನ ಕೆಲ್ಸ ನೋಡ್ಕೊ" ಅಂದರು. ಮುಕ್ಕಾಲು ಬಾಟಲಿ ಹೋಗುವಷ್ಟರಲ್ಲಿ ಹಸುವಿನ ತೊಡೆ ಅದುರಲು ಶುರುವಾಯಿತು. ಒಂದು ತೇಗು ಬಂತು. ಮೂಗಿನ ಮೇಲೆ ಬೆವರಿನ ಹನಿ ಮೂಡಿತು. ಸೂಜಿ ತೆಗೆದ ಸ್ವಲ್ಪ ಹೊತ್ತಿಗೆ ಹಿಂಗಾಲು ಊರಿ, ತೂರಾಡಿ, ಎದ್ದು ನಿಂತು ಸಗಣಿ ಹಾಕಿತು. ಅಜ್ಜಿ ಬಾಟಲಿ ಕೆಳಗಿಟ್ಟು ಹಸುವಿನ ಹಣೆಗೆ ಹಣೆ ಒತ್ತಿ ನಿಂತುಬಿಟ್ಟರು.

ಎರಡು ಗಂಟೆ ರಾತ್ರಿಯಲ್ಲಿ ನನಗೆ ರಾಗಿಮುದ್ದೆ, ಹುರುಳಿಕಾಳಿನ ಸಾರು ಬಡಿಸಿದರು. ಬೇಡ ಅನ್ನುವ ಧೈರ್ಯ ಆಗಲಿಲ್ಲ. ಆಮೇಲೆ ಮತ್ತೆ ಲಾಟೀನು ಹಿಡಿದು ತಿರುವಿನ ತನಕ ಬಂದರು. ನಾನು ಡಾಂಬರು ರಸ್ತೆ ಹತ್ತಿ ತಿರುಗಿ ನೋಡಿದಾಗಲೂ ಆ ಬೆಳಕು ಅಲ್ಲೇ ಇತ್ತು. ಅಜ್ಜಿ ಈಗಿಲ್ಲ. ಅವರಿಗೆ ಥ್ಯಾಂಕ್ಸ್ ಅಂತ ಒಂದು ಮಾತು ನಾನು ಹೇಳಿರಲಿಲ್ಲ. ಆವತ್ತು ಅವರೇ ನನಗೆ ಕೈ ಮುಗಿದಿದ್ದರು.

ನನ್ನ ಗಾಡಿಯನ್ನು ಇಷ್ಟು ವರ್ಷ ಬದುಕಿಸಿದ ಮೆಕ್ಯಾನಿಕ್ ಭಾಯಿಗೂ ಹೇಳಬೇಕು. 1996ರಲ್ಲಿ ಮೈಸೂರಿನ ಫ್ಯಾಕ್ಟರಿ ಮುಚ್ಚಿದ ಮೇಲೆ ಬಿಡಿಭಾಗಗಳಿಗೆ ಪರದಾಟ. ಭಾಯಿ ಭಾನುವಾರ ಬಸ್ ಹತ್ತಿ ಮೈಸೂರಿಗೆ ಹೋಗಿ, ಗುಜರಿ ಅಂಗಡಿಗಳಲ್ಲಿ ಹುಡುಕಿ, ಕ್ಲಚ್ ಪ್ಲೇಟು, ಪಿಸ್ಟನ್ ರಿಂಗು ಹಳೇ ಪೇಪರಿನಲ್ಲಿ ಸುತ್ತಿ ತರುತ್ತಿದ್ದರು. ಸೈಲೆನ್ಸರ್ ಒಳಗೆ ಮಸಿ ಕಟ್ಟಿದರೆ ಬೆರಣಿ ಬೆಂಕಿಯಲ್ಲಿ ಸುಟ್ಟು, ತಟ್ಟಿ ಉದುರಿಸುತ್ತಿದ್ದರು. ಅಷ್ಟಕ್ಕೇ ಗಾಡಿಯ ಉಸಿರು ಬಿಡುತ್ತಿತ್ತು. ರಾತ್ರಿ ಕೈಕೊಡುವ ಗಾಡಿ ಇಟ್ಟುಕೊಂಡು ನಾನು ಈ ಕೆಲಸ ಮಾಡಲು ಆಗುತ್ತಿರಲಿಲ್ಲ.

ಈಗ ಆ ಜನವರಿ ರಾತ್ರಿಯ ಮಾತು. ಪಾಂಡವಪುರದ ಕಡೆ ಇದ್ದೆ. ಕಬ್ಬು ಕಟಾವಿನ ಕಾಲ. ಆ ದಿನಗಳಲ್ಲಿ ನಮ್ಮ ರಸ್ತೆಗಳು ಹೇಗಿರುತ್ತವೆ ಅಂತ ಮಂಡ್ಯದವರಿಗೆ ಹೇಳಬೇಕಾಗಿಲ್ಲ. ಕಬ್ಬು ತುಂಬಿದ ಟ್ರೇಲರ್ ಒಂದು ರಸ್ತೆ ಅಂಚಿನಲ್ಲಿ ಕೆಟ್ಟು ನಿಂತಿತ್ತು. ಹಿಂದೆ ದೀಪ ಇಲ್ಲ, ಒಂದು ಚೂರು ರಿಫ್ಲೆಕ್ಟರ್ ಪಟ್ಟಿಯೂ ಇಲ್ಲ. ಹೊರಗೆ ಚಾಚಿದ ಕಬ್ಬಿನ ತುದಿ ನನಗೆ ಕಂಡಾಗ ಎರಡು ಮಾರು ದೂರ ಇತ್ತು ಅಷ್ಟೆ. ಬಲಗಾಲಿನ ಮೂಳೆ ಮುರಿಯಿತು, ಭುಜದ ಮೂಳೆಯೂ ಹೋಯಿತು. ಹೆಲ್ಮೆಟ್ ಇದ್ದದ್ದಕ್ಕೆ ತಲೆ ಉಳಿಯಿತು. ಗಾಡಿ ಹಳ್ಳಕ್ಕೆ ಬಿದ್ದು ಇಂಜಿನ್ ಆಫ್ ಆಯಿತು. ಎಲ್ಲಾ ನಿಶ್ಶಬ್ದ. ಗದ್ದೆಯ ಕಪ್ಪೆಗಳ ಸದ್ದು ಮಾತ್ರ ಕೇಳುತ್ತಿತ್ತು.

ಅರ್ಧ ಮೈಲಿ ದೂರದ ಆಲೆಮನೆಯಲ್ಲಿ ಇಬ್ಬರು ಹುಡುಗರು ರಾತ್ರಿ ಪಾಳಿಯಲ್ಲಿ ಬೆಲ್ಲ ಕಾಯಿಸುತ್ತಿದ್ದರು. ಆಮೇಲೆ ಅವರು ಹೇಳಿದ ಮಾತು ಇದು: "ಯೆಜ್ಡಿ ಬರೋದು ಕೇಳುಸ್ತಾ ಇತ್ತು ಸಾ. ತಟಕ್ಕನೆ ನಿಂತೋಯ್ತು. ಡಾಕ್ಟ್ರು ಇಲ್ಯಾಕೆ ನಿಲ್ಸುದ್ರು ಅಂತ ನೋಡಾಕ್ ಬಂದೊ." ಕೊಪ್ಪರಿಗೆ ಒಲೆ ಮೇಲಿತ್ತು. ಪಾಕ ಕೈಬಿಟ್ಟರೆ ಆ ಅಡುಗೆ ಪೂರ್ತಿ ಹಾಳು. ಅದನ್ನು ಹಾಗೇ ಬಿಟ್ಟು ಟಾರ್ಚ್ ಹಿಡಿದು ಗದ್ದೆ ಬದುವಿನ ಮೇಲೆ ಓಡಿ ಬಂದಿದ್ದರು. ಬೆಲ್ಲ ಸಾಗಿಸುವ ಮೆಟಡಾರ್‌ನಲ್ಲಿ ಗೋಣಿಚೀಲ ಹಾಸಿ ನನ್ನನ್ನು ಮಲಗಿಸಿ, ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಒಬ್ಬ ನನ್ನ ಕಾಲನ್ನು ಅಲುಗಾಡದ ಹಾಗೆ ತನ್ನ ತೊಡೆಯ ಮೇಲೆ ಹಿಡಿದುಕೊಂಡಿದ್ದ. ಹಾಳಾದ ಬೆಲ್ಲದ ದುಡ್ಡು ಕೊಡಲು ಆಮೇಲೆ ಹೋದೆ. ಇಬ್ಬರೂ ಮುಟ್ಟಲಿಲ್ಲ. ಇವತ್ತು ಹೇಳುತ್ತಿದ್ದೇನೆ ತಮ್ಮಂದಿರಾ, ನನ್ನ ಕಾಲು ನೆಟ್ಟಗಿರುವುದು ನಿಮ್ಮಿಂದ.

ನಾಲ್ಕು ತಿಂಗಳು ಮಲಗಿದ್ದೆ. ಅಷ್ಟೂ ದಿನ ನಮ್ಮ ಆಸ್ಪತ್ರೆಯ ಕಾಂಪೌಂಡರ್ ಸೈಕಲ್‌ನಲ್ಲಿ ಹಳ್ಳಿ ಸುತ್ತಿ, ಸಂಜೆ ನನ್ನ ಮಂಚದ ಪಕ್ಕ ಕೂತು ಯಾವ ಹಸುವಿಗೆ ಏನಾಗಿದೆ ಅಂತ ಒಂದೊಂದೇ ಒಪ್ಪಿಸುತ್ತಿದ್ದರು. ಗಾಡಿ ಎಲ್ಲಿ ಹೋಯಿತು ಅಂತ ನಾನು ಕೇಳಿಯೇ ಇರಲಿಲ್ಲ. ಎದ್ದು ಓಡಾಡುವ ಹಾಗಾದ ಮೇಲೆ ಆ ಊರಿಗೆ ಹೋದರೆ, ಒಬ್ಬ ರೈತರು ಅದನ್ನು ಹಳ್ಳದಿಂದ ಎತ್ತಿಸಿ ತಮ್ಮ ಕೊಟ್ಟಿಗೆಯಲ್ಲಿ ಹಳ್ಳಿಕಾರ್ ಜೋಡಿಯ ಪಕ್ಕ ನಿಲ್ಲಿಸಿದ್ದರು. ಮೇಲೆ ಟಾರ್ಪಾಲು. ಪೆಟ್ರೋಲ್ ಸೋರಬಾರದು ಅಂತ ಕಾಕ್ ಮುಚ್ಚಿದ್ದರು. ಧೂಳು ಕೂರದ ಹಾಗೆ ಟ್ಯಾಂಕ್ ಒರೆಸುತ್ತಿದ್ದರಂತೆ, ದಿನಾ.

ನಾಲೆ ಏರಿಯ ಮೇಲೆ ಹೋಗುವಾಗ ನನಗೆ ಇವತ್ತಿಗೂ ಎದೆ ಬಿಗಿಯುತ್ತದೆ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ವಿಸಿ (ವಿಶ್ವೇಶ್ವರಯ್ಯ) ನಾಲೆಗೆ ಬಸ್ ಬಿದ್ದು 30 ಜನ ಹೋದರು. ಅದೇ ಏರಿಯ ಮೇಲೆ ನಾನು ಎಷ್ಟು ರಾತ್ರಿ ಓಡಾಡಿದ್ದೇನೋ ಲೆಕ್ಕವಿಲ್ಲ. ಎಷ್ಟೋ ಸಲ ಯಾರೋ ಒಬ್ಬರು ನೀರಿನ ಕಡೆಗೆ ಟಾರ್ಚ್ ಬಿಟ್ಟು ಗಾಡಿಯ ಪಕ್ಕದಲ್ಲೇ ಅಂಚಿನಲ್ಲಿ ನಡೆದು ಬರುತ್ತಿದ್ದರು. ತಾವು ನೀರಿನ ಕಡೆ, ನಾನು ಒಳಗಡೆ.

2013ರ ಕಾಲುಬಾಯಿ ರೋಗದ ದಿನಗಳನ್ನು ಬರೆಯಲು ಕೈ ಹಿಂದೇಟು ಹಾಕುತ್ತದೆ. ಬಾಯಿಯಲ್ಲಿ ಹುಣ್ಣು, ಗೊರಸು ಕಿತ್ತುಬಂದ ಹಸುಗಳು. ಸಾವಿಗೆ ಲೆಕ್ಕವೇ ಇಲ್ಲದ ವಾರಗಳು. ಈ ಸೋಂಕು ಬಟ್ಟೆ, ಬೂಟು, ಗಾಡಿಯ ಟೈರಿಗೂ ಅಂಟಿಕೊಂಡು ಹೋಗುತ್ತದೆ. ವಾಸಿ ಮಾಡಲು ಹೊರಟ ನಾನೇ ಮುಂದಿನ ಊರಿಗೆ ರೋಗ ಹೊತ್ತುಕೊಂಡು ಹೋದರೆ? ಆ ಭಯಕ್ಕೆ ನಿದ್ದೆ ಬರುತ್ತಿರಲಿಲ್ಲ. ಒಂದು ಊರಿನಲ್ಲಿ ಈ ಮಾತು ಹೇಳಿದೆ. ಮಾರನೇ ದಿನಕ್ಕೆ ಆ ಊರಿನ ಹುಡುಗರು ತಮ್ಮ ದುಡ್ಡಲ್ಲೇ ವಾಷಿಂಗ್ ಸೋಡಾ ತಂದು, ಊರ ಬಾಗಿಲಲ್ಲಿ ಡ್ರಮ್ಮಿನ ತುಂಬಾ ಕದಡಿ ಇಟ್ಟಿದ್ದರು. ಹೋಗುವಾಗ ಬರುವಾಗ ನನ್ನ ಟೈರು, ಬೂಟು ಅವರೇ ತೊಳೆಯುತ್ತಿದ್ದರು. ಪಕ್ಕದ ಊರಿನವರೂ ನೋಡಿ ಹಾಗೇ ಮಾಡಿದರು. ಆ ಊರುಗಳ ಹೆಂಗಸರು ಮೇವು ಮುಟ್ಟದ ಹಸುಗಳಿಗೆ ರಾಗಿ ಗಂಜಿ ಮಾಡಿ, ಅಂಗೈಯಲ್ಲಿ ಹಾಕಿ ಕುಡಿಸಿದರು. ದಿನಕ್ಕೆ ಐದಾರು ಸಲ. ಬದುಕಿದ ಹಸುಗಳು ನನ್ನ ಔಷಧಿಗಿಂತ ಆ ಅಂಗೈಗಳಿಂದಲೇ ಬದುಕಿದವು ಅಂತ ನಾನು ನಂಬಿದ್ದೇನೆ.

ನನ್ನ ಹೆಂಡತಿಗೆ ಎಲ್ಲರೆದುರು ಹೇಳಬೇಕಾದದ್ದೂ ಇದೆ. ಇಷ್ಟು ವರ್ಷದಲ್ಲಿ ನಾನು ಮನೆಗೆ ಬಂದಾಗ ಹೊರಗಿನ ಬಲ್ಬು ಆರಿದ್ದ ಒಂದು ರಾತ್ರಿಯೂ ನೆನಪಿಗೆ ಬರುತ್ತಿಲ್ಲ. ಕರೆಂಟ್ ಹೋದ ದಿನ ಕಿಟಕಿಯಲ್ಲಿ ಮೇಣದಬತ್ತಿ. ಬಚ್ಚಲಲ್ಲಿ ಬಿಸಿನೀರು. ಬೀದಿಯ ತುದಿಯಲ್ಲಿ ಯೆಜ್ಡಿ ಸದ್ದು ಕೇಳಿದ ಮೇಲೇ ಅವಳು ದಿಂಬಿಗೆ ತಲೆ ಇಡುತ್ತಿದ್ದಳಂತೆ. ಇದು ನನಗೆ ಗೊತ್ತಾಗಿದ್ದು ಮೊನ್ನೆ, ಮಗಳು ಹೇಳಿದಾಗ.

ಗಾಡಿ ಇನ್ನೂ ಇದೆ, ಮೊದಲ ಕಿಕ್ಕಿಗೇ ಎದ್ದೇಳುತ್ತದೆ. ಹೊಸ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೈವೇಯಲ್ಲಿ 2023ರ ಆಗಸ್ಟ್‌ನಿಂದ ಬೈಕ್‌ಗಳನ್ನು ಬಿಡುವುದಿಲ್ಲ, ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ನನಗೆ ಅದೇ ಸರಿ. ನನಗೆ ಬೇಕಾದ ಊರುಗಳೆಲ್ಲಾ ಆ ಕಡೆಯಿಂದಲೇ ಸಿಗುತ್ತವೆ.

ಮುಂದಿನ ಭಾನುವಾರದಿಂದ ಒಂದೊಂದೇ ಊರಿಗೆ ಬರುತ್ತೇನೆ. ಮೊದಲು ಮಳವಳ್ಳಿ ಕಡೆ. ಹಗಲು ಹೊತ್ತಲ್ಲೇ ಬರುತ್ತೇನೆ. ಯೆಜ್ಡಿ ಸದ್ದು ಕೇಳಿದರೆ ದಯವಿಟ್ಟು ಹೊರಗೆ ಬನ್ನಿ, ನೀವಾಗಿಯೇ ಮಾತಾಡಿಸಿ. ನಿಮ್ಮಲ್ಲಿ ತುಂಬಾ ಜನರ ಮುಖ ನಾನು ನೋಡಿಲ್ಲ. ಬೆಳಕು ಯಾವಾಗಲೂ ನನ್ನ ದಾರಿಯ ಮೇಲೆ ಇರುತ್ತಿತ್ತು, ನೀವು ಅದರ ಹಿಂದೆ ಕತ್ತಲಲ್ಲಿ ನಿಂತಿರುತ್ತಿದ್ದಿರಿ. ದನಿ ಕೇಳಿದರೆ ಗುರುತು ಹಿಡಿಯುತ್ತೇನೆ.