ಹಾಸಿಗೆಯ ಹತ್ತಿರ ಹೋಗಿ ಕರೆದವರಿಗೆ

ಮನೋರೋಗ ವಾರ್ಡಿನ ವ್ಯಾಯಾಮದ ಅವಧಿಗೆ ಈ ವಾರ ವರ್ಷ ತುಂಬಿತು. ಎಲ್ಲರಿಗೂ ಒಟ್ಟಾಗಿ ಒಂದು ನಮಸ್ಕಾರ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಯಾರು ಏನು ಮಾಡಿದರು, ಅದು ಯಾಕೆ ಬೇಕಿತ್ತು ಎಂದು ಬರೆದಿಟ್ಟರೆ ಬೇರೆ ವಾರ್ಡಿನವರಿಗೂ ಉಪಯೋಗಕ್ಕೆ ಬಂದೀತು.

ಮೊದಲ ಧನ್ಯವಾದ ವಾರ್ಡಿನ ಸಹಾಯಕರಿಗೆ. ಗೋಡೆಗೆ ಚೀಟಿ ಅಂಟಿಸಿದರೆ ವ್ಯಾಯಾಮಕ್ಕೆ ಜನ ಬರುವುದಿಲ್ಲ. ಖಿನ್ನತೆಯಲ್ಲಿ ಇರುವವರಿಗೆ ಮನಸ್ಸಿದ್ದರೂ ಮೈ ಏಳುವುದಿಲ್ಲ. ಅದು ಸೋಮಾರಿತನವಲ್ಲ, ಕಾಯಿಲೆಯದೇ ಲಕ್ಷಣ. ಸಹಾಯಕರು ಹಾಸಿಗೆಯ ಹತ್ತಿರ ಹೋಗಿ, "ಬನ್ನಿ, ಐದೇ ನಿಮಿಷ ನಡೆಯೋಣ, ಸಾಕೆನ್ನಿಸಿದರೆ ವಾಪಸ್ ಬರೋಣ" ಎಂದು ಕರೆದರು. ಕರೆದ ಕೂಡಲೇ ಎಬ್ಬಿಸಲೂ ಇಲ್ಲ. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಒಂದು ನಿಮಿಷ ಕೂರಿಸಿ, ಅಷ್ಟರಲ್ಲಿ ಚಪ್ಪಲಿ ಬಿಡಿಸಿ ಶೂ ಹಾಕಿಸಿ, ಆಮೇಲೆ ನಿಲ್ಲಿಸಿದರು. ಕ್ಲೋಜಪಿನ್, ಕ್ವೆಟಿಯಪಿನ್‌ನಂಥ ಮನೋರೋಗದ ಔಷಧಿ ತೆಗೆದುಕೊಳ್ಳುವವರು ಥಟ್ಟನೆ ಎದ್ದರೆ ಬಿಪಿ ಇಳಿದು ಕಣ್ಣಿಗೆ ಕತ್ತಲೆ ಕವಿಯಬಹುದು, ಬೀಳುವುದು ಆಗಲೇ.

ನರ್ಸ್‌ಗಳಿಗೆ ಎಷ್ಟು ಹೇಳಿದರೂ ಕಡಿಮೆಯೇ. ರಾತ್ರಿ ಮಾತ್ರೆಯ ಮಂಪರು ಬೆಳಗ್ಗೆ ಬೇಗ ಬಿಡುವುದಿಲ್ಲ ಎಂದು ಅವಧಿಯನ್ನು 10.30ಕ್ಕೆ ಇಡಿಸಿದವರು ಅವರು. ಮಲಗಿದ್ದಾಗ ಒಮ್ಮೆ, ಎದ್ದು ನಿಂತ 1 ಮತ್ತು 3ನೇ ನಿಮಿಷಕ್ಕೆ ಒಮ್ಮೊಮ್ಮೆ ಬಿಪಿ ನೋಡಿ, ಮೇಲಿನ ಅಂಕಿ 20ರಷ್ಟು ಇಳಿದಿದ್ದರೆ ಆ ದಿನ ಕುರ್ಚಿಯಲ್ಲಿ ಕೂತೇ ವ್ಯಾಯಾಮ. ಇಸಿಟಿ, ಅಂದರೆ ವಿದ್ಯುತ್ ಚಿಕಿತ್ಸೆ, ಆದ ದಿನ ರಜೆ. ಮನಸ್ಸಿನ ಏರಿಳಿತ ಹಿಡಿದಿಡುವ ಲಿಥಿಯಂ ಔಷಧಿ ತೆಗೆದುಕೊಳ್ಳುವವರ ಕೈಗೆ ನೀರಿನ ಲೋಟ ತಪ್ಪದೆ ಕೊಟ್ಟರು, ಯಾಕೆಂದರೆ ಬೆವರಿನಲ್ಲಿ ನೀರೂ ಉಪ್ಪೂ ಹೋದರೆ ರಕ್ತದಲ್ಲಿ ಲಿಥಿಯಂ ಏರಬಹುದು. ವಾಂತಿ, ಭೇದಿ, ಕೈ ಜೋರಾಗಿ ನಡುಗುವುದು, ತೂರಾಡುವ ನಡಿಗೆ ಕಂಡರೆ ವ್ಯಾಯಾಮ ನಿಲ್ಲಿಸಿ ವೈದ್ಯರಿಗೆ ಹೇಳಬೇಕು, ರಕ್ತ ಪರೀಕ್ಷೆಗೆ ಕಳಿಸಬೇಕು.

ಅವರ ಕಣ್ಣು ಹಿಡಿದ ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಕೂತಲ್ಲಿ ಕೂರಲಾಗದೆ ವರಾಂಡದಲ್ಲಿ ಸುತ್ತುವವರನ್ನು ಕಂಡರೆ "ಇವರಿಗೆ ವ್ಯಾಯಾಮ ಬೇಕು" ಅನ್ನಿಸುತ್ತದೆ. ಎಷ್ಟೋ ಸಲ ಅದು ಔಷಧಿಯಿಂದ ಬಂದ ಚಡಪಡಿಕೆ, ಅಕಥಿಸಿಯಾ. ನಿಂತರೂ ಕಾಲು ಬದಲಿಸುತ್ತಲೇ ಇರುತ್ತಾರೆ, ಒಳಗಿನ ಚಡಪಡಿಕೆ ನಡೆದರೂ ಪೂರ್ತಿ ಇಳಿಯುವುದಿಲ್ಲ. ಅವರಿಗೆ ಬೇಕಾದದ್ದು ಔಷಧಿಯ ಮರುಪರಿಶೀಲನೆ. ಓಡಿಸಿದರೆ ದಣಿವೊಂದೇ ಲಾಭ.

ಫಿಸಿಯೋಥೆರಪಿಸ್ಟ್‌ಗಳು ನಾಡಿ ಎಣಿಸುವ ಗಡಿಯಾರವನ್ನು ಪಕ್ಕಕ್ಕಿಟ್ಟದ್ದು ಒಳ್ಳೆಯದಾಯಿತು. ಕ್ಲೋಜಪಿನ್ ನಾಡಿಯನ್ನು ಏರಿಸುತ್ತದೆ, ಪ್ರೊಪ್ರನೊಲಾಲ್ ಎಂಬ ಮಾತ್ರೆ ಇಳಿಸುತ್ತದೆ. ಅಂಕಿ ನಂಬಿದರೆ ಎರಡೂ ಕಡೆ ಮೋಸ. ಬದಲಿಗೆ, ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಎಷ್ಟು ಶ್ರಮ ಅನ್ನಿಸುತ್ತಿದೆ ಎಂದು ಮಾಡುವವರೇ ಹೇಳುವ ಬೋರ್ಗ್ ಅಳತೆಯಲ್ಲಿ, 6ರಿಂದ 20ರ ನಡುವೆ, 12-13. ಹತ್ತು ನಿಮಿಷ ಮೈ ಬಿಸಿ ಮಾಡುವುದು, ಇಪ್ಪತ್ತು ನಿಮಿಷ ಬಿರುಸು ನಡಿಗೆ, ಐದು ನಿಮಿಷ ಇಳಿಸುವುದು. ವಾರದಲ್ಲಿ ಎರಡು ದಿನ ಕುರ್ಚಿಯಿಂದ ಎದ್ದು ಕೂರುವುದು, 8ರಿಂದ 10 ಸಲ, ಎರಡು ಸುತ್ತು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ. ಹೊಸಬರಿಗೆ ಮೊದಲ ದಿನವೇ ಆ ಲೆಕ್ಕ ಹೇಳಿದರೆ ಎರಡನೇ ದಿನ ಅವರು ಬರುವುದಿಲ್ಲ.

ತೂಕದ ಯಂತ್ರವನ್ನು ಮೂಲೆಗೆ ಸರಿಸಿದ್ದೂ ಅವರೇ. ಒಲಾಂಜಪಿನ್, ಕ್ಲೋಜಪಿನ್‌ನಂಥ ಔಷಧಿಗಳು ತೂಕ ಏರಿಸುವಾಗ ವ್ಯಾಯಾಮವೊಂದೇ ಅದನ್ನು ಇಳಿಸುವುದು ಕಷ್ಟ. ವಾರ ವಾರ ಮುಳ್ಳು ನೋಡಿದವರು ಸೋತು ಕೂರುತ್ತಾರೆ. ತೂಕ, ಸೊಂಟದ ಸುತ್ತಳತೆ, ಸಕ್ಕರೆ, ಕೊಬ್ಬಿನ ಲೆಕ್ಕ ವೈದ್ಯರ ಕಡತದಲ್ಲಿ ಇರಲಿ. ರೋಗಿಗೆ ತೋರಿಸುವುದು ಆರು ನಿಮಿಷದ ನಡಿಗೆ: 30 ಮೀಟರ್ ವರಾಂಡ, ಎರಡು ತುದಿಗೆ ಒಂದೊಂದು ಗುರುತು, ಎಷ್ಟು ಮೀಟರ್ ಆಯಿತು ಎಂಬ ಲೆಕ್ಕ.

ವೈದ್ಯರಿಗೆ ಧನ್ಯವಾದ, ಹೂಂ ಎಂದದ್ದಕ್ಕಿಂತ ಬೇಡ ಎಂದದ್ದಕ್ಕೆ. ಅನೊರೆಕ್ಸಿಯಾ, ಅಂದರೆ ತೂಕ ಏರುವ ಭಯದಿಂದ ಊಟ ಬಿಡುವ ಕಾಯಿಲೆ, ಇರುವವರಿಗೆ ತೂಕ, ಇಸಿಜಿ, ಪೊಟ್ಯಾಸಿಯಂ ಸರಿಹೋಗುವವರೆಗೆ ಬಿರುಸಿನ ವ್ಯಾಯಾಮ ಬೇಡ. ಅವರಲ್ಲಿ ಕೆಲವರಿಗೆ ವ್ಯಾಯಾಮವೇ ಕಾಯಿಲೆಯ ಭಾಗ. ಉನ್ಮಾದ ಏರಿದವರಿಗೆ ಪಂದ್ಯದ ಆಟ ಬೇಡ, ಒಬ್ಬರ ಜೊತೆ ನಿಧಾನದ ನಡಿಗೆ ಸಾಕು. ಡ್ಯೂಕ್ ವಿಶ್ವವಿದ್ಯಾಲಯದ 1999ರ ಅಧ್ಯಯನದಲ್ಲಿ ಖಿನ್ನತೆಯ 156 ಮಂದಿಯ ಪೈಕಿ ವ್ಯಾಯಾಮ ಮಾಡಿದವರೂ ಸರ್ಟ್ರಲೀನ್ ಎಂಬ ಖಿನ್ನತೆಯ ಮಾತ್ರೆ ತೆಗೆದುಕೊಂಡವರೂ 16 ವಾರಕ್ಕೆ ಹೆಚ್ಚುಕಡಿಮೆ ಸಮನಾಗಿ ಸುಧಾರಿಸಿದರು. ಇದನ್ನು ಕೇಳಿ ಮಾತ್ರೆ ಬಿಡಲು ಹೊರಟವರನ್ನು ಕೂರಿಸಿ, ಅದು ಆಸ್ಪತ್ರೆಗೆ ದಾಖಲಾಗುವಷ್ಟು ತೀವ್ರ ಸ್ಥಿತಿಯವರ ಕಥೆಯಲ್ಲ ಎಂದು ವಿವರಿಸಿದವರೂ ವೈದ್ಯರೇ.

ಉಗ್ರಾಣದವರ ಕೆಲಸ ಕಣ್ಣಿಗೆ ಬೀಳುವುದಿಲ್ಲ. ವ್ಯಾಯಾಮಕ್ಕೆ ಎಳೆಯುವ ರಬ್ಬರ್ ಪಟ್ಟಿ ಕೊರಳಿಗೂ ಬಿಗಿಯಬಹುದಾದ ವಸ್ತು. ಪ್ರತಿ ಪಟ್ಟಿಗೂ ಸಂಖ್ಯೆ, ಕೊಡುವಾಗ ಎಣಿಕೆ, ವಾಪಸ್ ಪಡೆಯುವಾಗ ಎಣಿಕೆ; ಒಂದು ಕಡಿಮೆ ಬಂದರೂ ಅದು ಸಿಗುವವರೆಗೆ ಕೋಣೆಯ ಬಾಗಿಲು ತೆರೆಯುವುದಿಲ್ಲ. ಸ್ಕಿಪ್ಪಿಂಗ್ ಹಗ್ಗ ಬೇಡವೆಂದು ಮೊದಲೇ ಹೇಳಿದವರೂ ಇವರೇ.

ಲೇಸ್ ಇಲ್ಲದ, ಅಂಟುಪಟ್ಟಿಯ ಶೂ ತಂದುಕೊಟ್ಟ ಮನೆಯವರಿಗೆ ನಮಸ್ಕಾರ. ಜೊತೆಗೊಂದು ಕೋರಿಕೆ. ಬಿಡುಗಡೆಯಾದ ಮೇಲೆ ನಡಿಗೆ ನಿಂತುಹೋಗುವುದು ಬಹಳ ಸಲ ಕರೆಯುವವರು ಇಲ್ಲದೆ. ದಿನ, ಹೊತ್ತು, ಜೊತೆಗೆ ಬರುವವರ ಹೆಸರು, ಈ ಮೂರನ್ನೂ ಬಿಡುಗಡೆ ಚೀಟಿಯಲ್ಲಿ ಬರೆಸಿಕೊಂಡೇ ಹೊರಡಿ.