ಮರಿಗೆ ಮೊದಲು ವಾಪಸ್ ಬರಲು ಕಲಿಸು

ಹೆಬ್ರಿ
ಭಾನುವಾರ ರಾತ್ರಿ

ಪ್ರೀತಿಯ ಅಳಿಯನಿಗೆ ಮಾವನ ಆಶೀರ್ವಾದ.

ನೀನು ನಾಯಿಮರಿ ತಂದ ವಿಷಯ ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ತಂದು ವಾರ ಆಗಿಲ್ಲ, ಆಗಲೇ ಕಾಡುಹಂದಿ ಬೇಟೆಗೆ ತಯಾರು ಮಾಡುವ ಮಾತು ಶುರುವಾಗಿದೆಯಂತೆ. ನಿನ್ನ ಸಿಟ್ಟು ನನಗೆ ಗೊತ್ತಾಗುತ್ತದೆ. ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆಗೆ ಹಾಲು ತುಂಬುವ ಹೊತ್ತಿನಲ್ಲಿ ಒಂದೇ ರಾತ್ರಿಗೆ ಅರ್ಧ ಗದ್ದೆ ಮಲಗಿಸಿ ಹೋದರೆ ಯಾರಿಗೆ ಹೊಟ್ಟೆ ಉರಿಯುವುದಿಲ್ಲ? ಬೆಳಿಗ್ಗೆ ಎದ್ದು ಅಂಥ ಗದ್ದೆಯ ಹುಣಿಯ ಮೇಲೆ ನಾನೂ ಸುಮ್ನೆ ನಿಂತಿದ್ದೇನೆ.

ಆದರೆ ಬೇಟೆ ಬೇಡ ಮಗಾ. ಭೂಮಿತಾಯಿಯ ಹಬ್ಬವಾದ ಕೆಡ್ಡಸಕ್ಕೆ ಊರವರೆಲ್ಲ ನಾಯಿ ಕಟ್ಟಿಕೊಂಡು ಗುಡ್ಡೆ ಹತ್ತುತ್ತಿದ್ದ ಕಾಲ ಇತ್ತು, ನಿನ್ನ ಅಜ್ಜನೂ ಹೋದವರೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ಅಪರಾಧ. ಕೊಂದರೆ ಮಾತ್ರ ಅಲ್ಲ, ಕೊಲ್ಲಲೆಂದು ಅಟ್ಟಿದರೂ, ಉರುಳು ಇಟ್ಟರೂ ಬೇಟೆಯೆಂದೇ ಲೆಕ್ಕ. ಬೆಳೆ ಹಾಳಾದರೆ ಫೋಟೋ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕು. ಸಿಗುವುದು ನಷ್ಟಕ್ಕೆ ಸಾಲದು, ಆದರೂ ಹಾಕುವುದನ್ನು ಬಿಡಬೇಡ.

ಕಾನೂನಿನ ಮಾತು ಒಂದು ಕಡೆ ಇರಲಿ. ನಿನಗೆ ಇವತ್ತಿನವರೆಗೆ ಹೇಳದ ಒಂದು ವಿಷಯ ಹೇಳುತ್ತೇನೆ.

ನನಗೆ ಇಪ್ಪತ್ತೆರಡು ವರ್ಷ ಇದ್ದಾಗ ನನ್ನ ಹತ್ತಿರ ಒಂದು ಕಂದು ನಾಯಿ ಇತ್ತು. ಹತ್ತು ತಿಂಗಳು ತುಂಬಿತ್ತು ಅಷ್ಟೇ. ಭಾರೀ ಧೈರ್ಯ ಅಂತ ಎಲ್ಲರ ಹತ್ತಿರ ಹೇಳಿಕೊಳ್ಳುತ್ತಿದ್ದೆ. ಒಂದು ಸಂಜೆ ತೋಟದ ಕೆಳಗಿನ ಪೊದೆಯಲ್ಲಿ ಒಂಟಿ ಗಂಡು ಹಂದಿ ನಿಂತಿತ್ತು. ನಾನೇ ಛೂ ಬಿಟ್ಟೆ. ಅದು ನುಗ್ಗಿತು. ಹಂದಿ ಓಡಲಿಲ್ಲ, ತಿರುಗಿ ನಿಂತು ತಲೆಯನ್ನು ಒಮ್ಮೆ ಮೇಲಕ್ಕೆ ಎತ್ತಿತು, ಅಷ್ಟೇ. ಹಂದಿಯ ಕೆಳಗಿನ ಕೋರೆ ಮೇಲಿನದಕ್ಕೆ ತಿಕ್ಕಿ ತಿಕ್ಕಿ ಕತ್ತಿಯ ಹಾಗೆ ಹರಿತವಾಗಿರುತ್ತದೆ. ನಾಯಿಯ ಹೊಟ್ಟೆ ಪಕ್ಕೆಯಿಂದ ತೊಡೆಯವರೆಗೆ ಸೀಳಿತ್ತು. ಹೆಗಲ ಮೇಲಿದ್ದ ಬೈರಾಸು ಸುತ್ತಿ ಎತ್ತಿಕೊಂಡು ಓಡಿದೆ. ಬೈರಾಸಿನ ಒಳಗಿನಿಂದಲೇ ಅದು ನನ್ನ ಕೈ ನೆಕ್ಕುತ್ತಿತ್ತು. ರಸ್ತೆ ಮುಟ್ಟುವ ಮೊದಲೇ ನೆಕ್ಕುವುದು ನಿಂತಿತು. ಅದಕ್ಕೆ ನುಗ್ಗುವುದು ಹುಟ್ಟಿನಿಂದ ಗೊತ್ತಿತ್ತು. ಕರೆದಾಗ ಬಿಟ್ಟು ಬರುವುದನ್ನು ಕಲಿಸಬೇಕಾದವನು ನಾನು, ಕಲಿಸಿರಲಿಲ್ಲ.

ಹಾಗಾಗಿ ನಿನ್ನ ಮರಿ ತೋಟ ಕಾಯುವ ನಾಯಿಯಾಗಲಿ. ತೋಟದ ಸುತ್ತ ತೋಡಿದ ಅಗಳಿನ ಈಚೆ ನಿಂತು ಬೊಗಳಬೇಕು, ಕರೆದರೆ ಬರಬೇಕು. ಹಂದಿಗೆ ಕಣ್ಣು ಮಂದ, ಮೂಗು ಮತ್ತು ಕಿವಿ ಚುರುಕು. ನಾಯಿಯ ವಾಸನೆ, ಸದ್ದು ಇರುವ ಕಡೆ ಬರಲು ಯೋಚನೆ ಮಾಡುತ್ತದೆ.

ಕರೆಯಲು ಒಂದೇ ಶಬ್ದ ಇಟ್ಟುಕೋ, ಮನೆಯವರೆಲ್ಲ ಅದನ್ನೇ ಹೇಳಲಿ. ನೀನು ‘ಬಾ’ ಅನ್ನುವುದು, ಅಮ್ಮ ‘ಇಲ್ಲಿ ಬಾರೋ’ ಅನ್ನುವುದು, ತಂಗಿ ಸಿಳ್ಳೆ ಹಾಕುವುದು, ಹೀಗಾದರೆ ಮರಿಗೆ ತಲೆಬುಡ ತಿಳಿಯುವುದಿಲ್ಲ. ಊಟಕ್ಕೆ ಮೊದಲು, ಹಸಿವು ಇರುವಾಗ ಕಲಿಸು. ಮುಳ್ಳು ತೆಗೆದ ಬೇಯಿಸಿದ ಬಂಗುಡೆಯ ಚೂರು ಕೈಯಲ್ಲಿರಲಿ. ಒಣಮೀನು ಬೇಡ, ಉಪ್ಪು ಜಾಸ್ತಿ. ಅಂಗಳದಲ್ಲಿ ಕರೆದರೆ ಬರುವ ಮರಿ ತೋಟದಲ್ಲಿ ಬರುವುದಿಲ್ಲ. ಅದಕ್ಕೇ ಐದು ಮಾರು ಉದ್ದದ ಹಗ್ಗ ಬೇಕು. ಎಳೆಯಬೇಡ, ಹಗ್ಗದ ತುದಿ ಹಿಡಿದು ನಿಂತು ಕರೆ. ಬಂದರೆ ಬೆನ್ನು ಸವರು. ತಡವಾಗಿ ಬಂತೆಂದು ಮಾತ್ರ ಹೊಡೆಯಬೇಡ. ಬಂದದ್ದಕ್ಕೇ ಏಟು ಬಿತ್ತು ಅಂತ ಅದು ತಿಳಿದುಕೊಳ್ಳುತ್ತದೆ, ಮುಂದೆ ದೂರವೇ ನಿಲ್ಲುತ್ತದೆ.

ಬೆಳಿಗ್ಗೆ ಸಂಜೆ ಅಗಳಿನ ಅಂಚಿನಲ್ಲೇ ನಡೆಸು. ಪ್ರತಿದಿನ ಅದೇ ದಾರಿ. ಅಂಚು ದಾಟಲು ಹೊರಟಾಗ ನಿಲ್ಲಿಸು. ಎರಡು ಮೂರು ತಿಂಗಳಲ್ಲಿ ಅದು ತನ್ನಷ್ಟಕ್ಕೇ ನಿಲ್ಲುತ್ತದೆ. ಹಂದಿ ಕೆಸರಲ್ಲಿ ಹೊರಳಿದ ಗುಂಡಿ, ಮೈ ತಿಕ್ಕಿದ ಮರ ಸಿಕ್ಕರೆ ಮೂಸಲು ಬಿಡು. ಬೊಗಳಿದರೆ ಹೊಗಳು, ಆಮೇಲೆ ಅಲ್ಲಿಂದಲೇ ವಾಪಸ್ ಕರೆ. ಕೋಳಿ, ಕರುಗಳ ಹಿಂದೆ ಓಡುವ ಚಟ ಈಗಲೇ ತಪ್ಪಿಸು.

ಹಂದಿಮರಿಯನ್ನು ಕಟ್ಟಿಹಾಕಿ ನಾಯಿ ಬಿಡುವ ವಿಡಿಯೋ ಯಾರೋ ಕಳಿಸಿದ್ದಾರಂತೆ. ಅದನ್ನು ದಯವಿಟ್ಟು ಮಾಡಬೇಡ. ಕಟ್ಟಿದ ಪ್ರಾಣಿಯ ಕಿರುಚಾಟ ಕೇಳಿಸಿ ಬೆಳೆಸಿದ ನಾಯಿಯನ್ನು ಮಕ್ಕಳಿರುವ ಮನೆಯಲ್ಲಿ ಹೇಗೆ ನಂಬುವುದು?

ರೇಬೀಸ್ ಚುಚ್ಚುಮದ್ದು ಮೂರು ತಿಂಗಳು ತುಂಬಿದಾಗ ಹಾಕಿಸು, ಆಮೇಲೆ ಡಾಕ್ಟರು ಹೇಳಿದ ಹಾಗೆ. ಪಾರ್ವೋ, ಡಿಸ್ಟೆಂಪರ್‌ನದ್ದು ಅದಕ್ಕೂ ಮೊದಲೇ ಆಗಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಇಲಿಜ್ವರ ಇರುವುದರಿಂದ ಅದರ ಲಸಿಕೆಯನ್ನೂ ಕೇಳು. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಉಣ್ಣಿ ನೋಡುತ್ತಿರು.

ಇನ್ನು ರಾತ್ರಿ. ಕತ್ತಲಾದ ಮೇಲೆ ಮರಿಯನ್ನು ಹೊರಗೆ ಕಟ್ಟಬೇಡ. ಚಿರತೆಗೆ ನಾಯಿ ಸುಲಭದ ತುತ್ತು, ಕಟ್ಟಿದ್ದಾದರೆ ಓಡಲೂ ಆಗುವುದಿಲ್ಲ. ಚಾವಡಿಯ ಬಾಗಿಲು ಹಾಕಿ ಒಳಗೆ ಮಲಗಿಸು. ಒಳಗಿನಿಂದ ಬೊಗಳಿದರೂ ನೀನು ಟಾರ್ಚ್ ಹಿಡಿದು ಎದ್ದು ಬರಲು ಸಾಕು. ಗುಡ್ಡೆಗೆ ಒಂಟಿಯಾಗಿ ಬಿಡಲೂಬೇಡ. ಹಂದಿಗೆಂದು ಇಟ್ಟ ಉರುಳಿಗೆ ಬೀಳುವುದು, ಸಿಡಿಮದ್ದು ಕಚ್ಚಿ ಬಾಯಿ ಒಡೆದುಕೊಳ್ಳುವುದು ಎಷ್ಟೋ ಸಲ ಊರ ನಾಯಿಗಳೇ.

ಮುಧೋಳ ನಾಯಿ ತರಬೇಕಿತ್ತೇನೋ ಅಂತ ಕೇಳಿದ್ದೀಯಂತೆ. ಅದು ಬಯಲು ಸೀಮೆಯದ್ದು, ಕಣ್ಣಿಗೆ ಕಂಡದ್ದರ ಹಿಂದೆ ಓಡುವ ಜಾತಿ. ನಮ್ಮ ಪೊದೆ, ಮುಳ್ಳು, ಮಳೆಗೆ ಊರ ನಾಯಿಯೇ ಸರಿ. ನಿನ್ನ ಮರಿ ಚೆನ್ನಾಗಿಯೇ ಇದೆ.

ಮುಂದಿನ ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ನಾರಿನ ಹಗ್ಗ ನಾನೇ ತರುತ್ತೇನೆ, ನೀನು ತೆಗೆದುಕೊಳ್ಳಬೇಡ. ಆವತ್ತು ಬೆಳಿಗ್ಗೆ ಮರಿಗೆ ಗಂಜಿ ಹಾಕದೆ ಇಡು. ಬಂಗುಡೆ ಬೇಯಿಸಿಡಲು ಅಮ್ಮನಿಗೆ ಹೇಳು.

ನಿನ್ನ ಮಾವ